ನಡುವಿನ ಗುಡ್ಡದ ಎತ್ತರ

ಆ ಎರಡನ್ನು ಎರಡು ಸಲ ಎಣಿಸಿಬಿಟ್ಟೆನೇ? ಇರಲಾರದು. ಹಾಗೆ ಎಣಿಸಿದ್ದರೆ ಉತ್ತರ ಅಕ್ಕನ ಅಳತೆಗೆ ಅಷ್ಟು ಚೆನ್ನಾಗಿ ಹೊಂದುತ್ತಿತ್ತೇ? ಆದರೆ ಅಷ್ಟು ಚೆನ್ನಾಗಿ ಹೊಂದಿದ್ದೇ ಈಗ ಅವನನ್ನು ಚುಚ್ಚುತ್ತಿತ್ತು. ಹಲ್ಲುಜ್ಜುವಾಗ ಹುಟ್ಟಿದ ಅನುಮಾನ ಬಸ್ಸಿನಲ್ಲಿ ಬೆಳೆದು, ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಆಳೆತ್ತರವಾಗಿ ನಿಂತಿತ್ತು.

ಎರಡು ಅನಿಲಗಳು ಡಿಕ್ಕಿ ಹೊಡೆದು, ಒಂದರ ಹೈಡ್ರೋಜನ್ನನ್ನು ಇನ್ನೊಂದು ಕಿತ್ತುಕೊಳ್ಳುವ ಕ್ರಿಯೆ ಅದು. ಅದರಲ್ಲಿ ಎಷ್ಟು ಶಾಖ ಹೊರಬೀಳುತ್ತದೆ, ಅಂದರೆ ಎಂಥಾಲ್ಪಿ ಎಷ್ಟು ಬದಲಾಗುತ್ತದೆ ಎನ್ನುವುದನ್ನು ಅವನು ಸಲೀಸಾಗಿ ಲೆಕ್ಕ ಹಾಕಿದ್ದ. ಹೊರಟ ಜಾಗದ ಎತ್ತರ, ತಲುಪಿದ ಜಾಗದ ಎತ್ತರ ತಿಳಿದರೆ ಅದಕ್ಕೆ ಸಾಕು. ನಡುವಿನ ದಾರಿ ಹೇಗಾದರೂ ಇರಲಿ. ವೇಗದ ಲೆಕ್ಕ ಹಾಗಲ್ಲ. ಅದಕ್ಕೆ ನಡುವೆ ಹತ್ತಿ ಇಳಿಯಬೇಕಾದ ಶಕ್ತಿಯ ಗುಡ್ಡದ ಎತ್ತರ ಬೇಕು. ಗುಡ್ಡ ಒಂದು ಕೂದಲೆಳೆ ಎದ್ದರೆ ವೇಗ ಅರ್ಧಕ್ಕೆ ಬಿದ್ದುಬಿಡುತ್ತದೆ. ಜೊತೆಗೆ ಹತ್ತುವ ದಾರಿಗಳೆಷ್ಟು ಎಂದೂ ಎಣಿಸಬೇಕು. ಈ ಅಣುವಿಗೆ ಎರಡು ಬದಿ, ಎರಡೂ ಒಂದೇ ಥರ. ಹಾಗಾಗಿ ಎರಡರಿಂದ ಗುಣಿಸಬೇಕು, ಅವನು ಗುಣಿಸಿದ್ದ.

ಹಳೆಯ ಪ್ರೋಗ್ರಾಮಿನಲ್ಲಿ ಕೈಯಾರೆ ಗುಣಿಸಿ ಗುಣಿಸಿ ರೂಢಿಯಾಗಿತ್ತು. ಹೊಸದು ಅಣುವಿನ ಆಕಾರ ನೋಡಿ ಆ ಕೆಲಸವನ್ನು ತಾನೇ ಮಾಡುತ್ತದೆಯೇ? ಕಂಪ್ಯೂಟರ್ ತೆರೆದು, ಉತ್ತರದ ಉದ್ದನೆಯ ಸಾಲುಗಳನ್ನು ಬೆರಳಿಟ್ಟು ಓದುತ್ತ ಹೋದ. ಮಾಡಿತ್ತು. ಬೆರಳು ಅಲ್ಲೇ ನಿಂತಿತು.

ಕೆಳಗಿನ ಅಂತಸ್ತಿನಲ್ಲಿ ಅಕ್ಕನ ಪ್ರಯೋಗಶಾಲೆ. ಆ ಕ್ರಿಯೆಯ ವೇಗವನ್ನು ಉದ್ದನೆಯ ಗಾಜಿನ ಕೊಳವೆಯಲ್ಲಿ ಅನಿಲ ಹರಿಸಿ ಅಳೆದವಳು ಅವಳು. ಬೇರೆ ಕಡೆಯ ಒಂದು ದೊಡ್ಡ ಪ್ರಯೋಗಶಾಲೆ ಹೇಳಿದ್ದಕ್ಕಿಂತ ಅವಳ ಅಂಕಿ ಎರಡು ಪಟ್ಟು. ಕೊಳವೆಯ ಗೋಡೆಯೇ ಅನಿಲವನ್ನು ತಿನ್ನುತ್ತಿರಬೇಕು, ಅದಕ್ಕೇ ಕ್ರಿಯೆ ವೇಗವಾಗಿ ಕಾಣುತ್ತಿದೆ ಎಂದು ಎಲ್ಲರೂ ಆಡಿಕೊಂಡರು. ಅವಳು ಒಳಗೋಡೆಗೆ ಮೇಣ ಸವರಿ ಮತ್ತೆ ಅಳೆದಳು, ಇನ್ನೊಂದು ಬಗೆಯ ಮೇಣ ಸವರಿ ಮತ್ತೂ ಅಳೆದಳು. ಅಂಕಿ ಜಗ್ಗಲಿಲ್ಲ. ಆ ಕೋಣೆಯನ್ನು ಅವಳಿಗೇ ಬಿಡಬೇಕೋ, ಬೇರೆಯವರಿಗೆ ಕೊಡಬೇಕೋ ಎಂದು ತೀರ್ಮಾನಿಸುವ ಸಭೆ ಇವತ್ತು. ಅವಳ ಕೈಯಲ್ಲಿದ್ದ ಒಂದೇ ಒಂದು ಆಸರೆ ತಮ್ಮನ ಲೆಕ್ಕ.

ಗುಣಾಕಾರ ತೆಗೆದ. ಲೆಕ್ಕ ಅರ್ಧಕ್ಕಿಳಿದು ಆ ದೊಡ್ಡ ಪ್ರಯೋಗಶಾಲೆಯ ಅಂಕಿಯ ಪಕ್ಕ ಹೋಗಿ ನಿಂತಿತು.

ಮನಸ್ಸು ಬೇಡವೆಂದರೂ ಕೈ ಸುಮ್ಮನಿರಲಿಲ್ಲ. ಗುಡ್ಡದ ಎತ್ತರ ಕಂಡುಹಿಡಿಯಲು ಇನ್ನೊಂದು ವಿಧಾನವಿತ್ತು. ಅದೇನೂ ಅಡ್ಡದಾರಿಯಲ್ಲ, ಇದಕ್ಕೆ ಸಮನಾದ ಮರ್ಯಾದೆಯದೇ. ಅದರಲ್ಲಿ ಲೆಕ್ಕ ಹಚ್ಚಿದ. ಚಿಕ್ಕ ಅಣು, ಯಂತ್ರ ಹೆಚ್ಚು ಹೊತ್ತು ಕಾಯಿಸಲಿಲ್ಲ. ಗುಡ್ಡ ತುಸು ತಗ್ಗಿತು, ವೇಗ ಏರಿತು, ಏರಿ ಅಕ್ಕನ ಅಂಕಿಯನ್ನು ಮುಟ್ಟಿತು. ಅವನು ಕುರ್ಚಿಯಿಂದ ಅರ್ಧ ಎದ್ದವನು ಮತ್ತೆ ಕೂತ. ತಿದ್ದಿದ ಉತ್ತರವೇ ಅಕ್ಕನ ಅಂಕಿಗೆ ಹೊಂದಿದ್ದರೆ ಈ ವಿಧಾನದ ನೆನಪಾದರೂ ಬರುತ್ತಿತ್ತೇ? ಎರಡರಲ್ಲಿ ಯಾವುದು ನಿಜ ಎಂದು ಹೇಳುವ ಧೈರ್ಯ ಪ್ರಪಂಚದಲ್ಲಿ ಯಾರಿಗೂ ಇರಲಿಲ್ಲ. ತನಗೆ ಯಾವುದು ಬೇಕು ಎನ್ನುವುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಭಯವಾದದ್ದು ಅದಕ್ಕೇ.

ಅವನು ಇಳಿದು ಹೋದಾಗ ಅಕ್ಕ ಪಂಪಿನ ಎಣ್ಣೆ ನೋಡುತ್ತ ಬಗ್ಗಿದ್ದಳು.

"ಬಾರೋ ಸಾಕ್ಷಿದಾರ," ಎಂದಳು ತಿರುಗದೆ. "ಏನು, ಮುಖ ನೋಡಿದ್ರೆ ಹುಣಸೆಹಣ್ಣು ತಿಂದ ಹಾಗಿದೆ?"

"ನೀನೆಲ್ಲಿ ನೋಡ್ದೆ ನನ್ನ ಮುಖ?"

"ಹೆಜ್ಜೆ ಸದ್ದಲ್ಲೇ ಗೊತ್ತಾಗುತ್ತೆ."

"ಅಕ್ಕಾ, ಒಂದು ಎಡವಟ್ಟಾಗಿದೆ. ಆ ಎರಡನ್ನ ಪ್ರೋಗ್ರಾಮೇ ಗುಣಿಸಿತ್ತು. ನಾನೂ ಗುಣಿಸಿದೀನಿ."

ಅವಳು ನೆಟ್ಟಗಾದಳು. "ಅಂದ್ರೆ ಅರ್ಧ."

"ಅರ್ಧ."

"ಅಂದ್ರೆ ಅವರ ಅಂಕಿ."

"ಹೂಂ. ಹೆಚ್ಚುಕಮ್ಮಿ ಅದೇ."

ಪಂಪು ಒಂದೇ ಸಮನೆ ಗುಯ್ಗುಡುತ್ತಿತ್ತು. ಅವಳು ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡಳು.

"ನಿಂಗೆ ಮಗ್ಗಿ ಹೇಳಿಕೊಟ್ಟೋಳು ನಾನೇ," ಎಂದಳು ಕೊನೆಗೆ. "ಹತ್ತೊಂಬತ್ತರ ಮಗ್ಗೀಲಿ ತಪ್ಪಿದ್ರೆ ಕ್ಷಮಿಸಬಹುದಿತ್ತು. ಎರಡರ ಮಗ್ಗೀಲಿ ಮುಗ್ಗರಿಸಿದ್ಯಲ್ಲೋ!" ನಗಲು ನೋಡಿದಳು, ಆಗಲಿಲ್ಲ. "ಈಗಲೇ ಹೇಳಿದ್ದು ಒಳ್ಳೇದಾಯ್ತು. ನಾಳೆ ಇನ್ನೊಬ್ಬರು ಕಂಡುಹಿಡಿದಿದ್ರೆ ಇಬ್ಬರ ಮುಖಕ್ಕೂ ಮಸಿ."

"ಗುಡ್ಡದ ಎತ್ತರ ಅಷ್ಟು ನಿಖರವಾಗಿ ಯಾರಿಗೂ ಗೊತ್ತಿಲ್ಲ ಅಕ್ಕಾ. ಬೇರೆ ವಿಧಾನದಲ್ಲಿ ನೋಡಿದ್ರೆ..."

ಅವಳು ಬಟ್ಟೆ ಹಿಡಿದ ಕೈ ಎತ್ತಿದಳು. "ನೋಡಬೇಡ. ನನ್ನ ಅಂಕಿ ಬರೋವರೆಗೂ ವಿಧಾನ ಬದಲಾಯಿಸ್ತಾ ಹೋದ್ರೆ ಅದು ಲೆಕ್ಕ ಅಲ್ಲ ಕಣೋ, ಪ್ರೀತಿ. ಅದು ಮನೇಲಿ ಸಾಕು. ಮಾಡೋದಿದ್ರೆ ನನ್ನ ಮುಖ ನೋಡದೇ ಇರೋ ಯಾರಾದ್ರೂ ಮಾಡಲಿ."

ಆಗಲೇ ನೋಡಿಯಾಗಿದೆ ಎನ್ನದೆ, ಅವನು ಅವಳ ಅಳತೆಯ ಕಾಗದಗಳನ್ನು ಜೋಡಿಸತೊಡಗಿದ.

ಸಭೆಯಲ್ಲಿ ವಿಭಾಗದ ಮುಖ್ಯಸ್ಥರ ಜೊತೆ ಇನ್ನಿಬ್ಬರಿದ್ದರು. ಮುಖ್ಯಸ್ಥರು ಯಾವ ಮಾತಿಗೂ 'ಆದರೆ' ಹಚ್ಚದೆ ಬಿಡುವವರಲ್ಲ. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಆದರೆ ಸಾಹೇಬರು' ಎನ್ನುತ್ತಿದ್ದರು. ಕೆಟ್ಟವರಲ್ಲ. ಅಕ್ಕ ತನ್ನ ಅಳತೆಗಳನ್ನು ತೋರಿಸಿ, ತಮ್ಮನ ಲೆಕ್ಕದಲ್ಲಿ ತಪ್ಪಿತ್ತು, ತಿದ್ದಿದ ಮೇಲೆ ಅದು ತನ್ನ ಪರವಾಗಿಲ್ಲ ಎಂದು ತಾನೇ ಹೇಳಿದಳು.

"ಆದರೆ," ಎಂದು ಸಾಹೇಬರು ಕನ್ನಡಕ ತೆಗೆದರು, "ಮನೆಯವನೇ ಕೈ ಬಿಟ್ಟ ಹಾಗಾಯ್ತಲ್ಲಮ್ಮ?"

"ಕೈ ಬಿಟ್ಟಿಲ್ಲ ಸಾರ್. ಅವನು ಕಂಡದ್ದು ಹೇಳಿದಾನೆ. ನಾನು ಅಳೆದದ್ದು ನಾನು ಹೇಳ್ತಿದೀನಿ."

"ನೀವೇನಂತೀರಿ?" ಎಂದು ಅವನ ಕಡೆ ತಿರುಗಿದರು.

"ನನ್ನ ಲೆಕ್ಕಕ್ಕೆ ಅಷ್ಟು ಕಣ್ಣಿಲ್ಲ ಸಾರ್. ಗುಡ್ಡದ ಎತ್ತರದಲ್ಲಿ ಸ್ವಲ್ಪ ಆಚೀಚೆ ಆದ್ರೂ ವೇಗ ಎರಡು ಪಟ್ಟಾಗುತ್ತೆ. ಇದರ ಮೇಲೆ ಅವಳ ಅಳತೆ ತಪ್ಪು ಅನ್ನೋಕಾಗಲ್ಲ."

"ಆದರೆ ಸರಿ ಅನ್ನೋಕೂ ಆಗಲ್ಲ?"

ಬಲಗಡೆಯಿಂದ ಅಕ್ಕ ನೋಡುತ್ತಿದ್ದುದು ಅವನಿಗೆ ಕೆನ್ನೆಯಲ್ಲೇ ತಿಳಿಯುತ್ತಿತ್ತು. ಒಂದು ಮಾತು ಸಾಕಿತ್ತು. ಮೇಲಿನ ಕೋಣೆಯಲ್ಲಿ, ಪರದೆಯ ಮೇಲೆ, ಎರಡನೆಯ ವಿಧಾನದ ಉತ್ತರ ಇನ್ನೂ ತೆರೆದೇ ಇತ್ತು.

"ಆಗಲ್ಲ ಸಾರ್," ಎಂದ.

ಕೋಣೆ ಬೇರೆಯವರಿಗೆ ಹೋಯಿತು. ಅಕ್ಕನಿಗೆ ಇನ್ನೊಬ್ಬರ ಪ್ರಯೋಗಶಾಲೆಯಲ್ಲಿ ಒಂದು ಮೇಜು ಕೊಟ್ಟರು. ಕೊಳವೆಗೆ ಅಲ್ಲಿ ಜಾಗವಿರಲಿಲ್ಲ. 'ಆದರೆ ಸಾಹೇಬರೇ' ಬಂದು, "ಬೇಜಾರು ಮಾಡ್ಕೋಬೇಡಿ," ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದರು. ಆ ಒಂದು ಸಲ ಅವರು 'ಆದರೆ' ಅನ್ನಲಿಲ್ಲ.

ವಾರ ಕಳೆದ ಮೇಲೆ ಇಬ್ಬರೂ ಸೇರಿ ಕೊಳವೆ ಬಿಚ್ಚಿದರು. ಪಂಪು ನಿಂತ ಕೋಣೆ ಅಪರಿಚಿತವಾಗಿ ಕೇಳಿಸುತ್ತಿತ್ತು. ಗಾಜನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಅವಳೊಂದು ತುದಿ ಅವನೊಂದು ತುದಿ ಹಿಡಿದು, ನೆಲಮಾಳಿಗೆಯ ಉಗ್ರಾಣಕ್ಕೆ ಮೆಟ್ಟಿಲಿಳಿದರು. ಅವಳು ಹಿಮ್ಮುಖವಾಗಿ ಇಳಿಯುತ್ತಿದ್ದಳು.

"ನಿಧಾನ ಕಣೋ, ನಿನ್ನ ಕಡೆ ಗೋಡೆ."

"ಕಾಣ್ತಿದೆ."

"ಕಾಣೋದು ಗೊತ್ತು. ಮೆಟ್ಟಿಲು ಎಣಿಸ್ತಾ ಇಳಿ ಅಂತ ಹೇಳಲ್ಲ, ಎಲ್ಲಿ ಎರಡೆರಡು ಸಲ ಎಣಿಸಿ ಬೀಳ್ತೀಯೋ."

ಇಬ್ಬರೂ ನಕ್ಕರು. ನಗುವಿಗೆ ಕೊಳವೆ ಅಲುಗಿತು. ಇಬ್ಬರೂ ಒಟ್ಟಿಗೇ ನಿಂತು, ಅದು ಸುಮ್ಮನಾಗುವವರೆಗೆ ಕಾದರು. ತಿರುವಿನ ಸಣ್ಣ ಕಿಟಕಿಯ ಬೆಳಕು ಹೊದಿಕೆಯಿಂದ ಹೊರಗುಳಿದ ಗಾಜಿನ ಮೇಲೆ ಬಿದ್ದು, ಒಳಗಿನ ಮೇಣ ಹಾಲಿನ ಕೆನೆಯಂತೆ ಕಂಡಿತು. ಮತ್ತೆ ಇಳಿದರು.

ಇನ್ನೊಂದು ವಿಧಾನದಲ್ಲಿ ಲೆಕ್ಕ ಅವಳ ಅಂಕಿಗೇ ಬಂದಿತ್ತು ಎಂದು ಅವನು ಅವಳಿಗೆ ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.