ಸೂಜಿ ಮುಂದೆ ಎಲ್ಲಿಗೆ ಹೋಯಿತು

ಶಾಲೆಯ ಮೆಟ್ಟಿಲ ಕೆಳಗೆ ಒಂದು ಕೋಣೆ. ಒಂದು ಕಾಲದಲ್ಲಿ ಅದು ಹೊಲಿಗೆ ಕ್ಲಾಸು. ಈಗ ಯಾರಿಗೆ ಬೇಕು ಸ್ವಾಮಿ ಹೊಲಿಗೆ? ಗುಂಡಿ ಕಿತ್ತುಬಂದರೆ ಅಂಗಿಯನ್ನೇ ಬಿಸಾಕುವ ಕಾಲ. ಟೈಮ್‌ಟೇಬಲ್ಲಿನಿಂದ ಹೊಲಿಗೆ ಹೋಯಿತು, ಹೊಲಿಗೆ ಟೀಚರ್ ಮಾತ್ರ ಉಳಿದರು. ನಿವೃತ್ತಿ ಇನ್ನೂ ದೂರವಿತ್ತು, ಸುಮ್ಮನೆ ಕೂರಿಸಿ ಸಂಬಳ ಕೊಡುವುದು ಹೇಗೆ? ಶಾಲೆಯ ಮುಖ್ಯಸ್ಥೆ ದೊಡ್ಡ ಮೇಡಂ ತಲೆ ಕೆರೆದುಕೊಂಡು ಒಂದು ದಾರಿ ಹುಡುಕಿದರು. ಕ್ಲಾಸಿನಲ್ಲಿ ಗಲಾಟೆ ಮಾಡುವ ಮಕ್ಕಳನ್ನು ಆ ಕೋಣೆಗೆ ಅಟ್ಟುವುದು, ಸಿಟ್ಟು ಇಳಿಯುವ ತನಕ ಅವರು ಹೊಲಿಗೆ ಟೀಚರ್ ಜೊತೆ ಕೂತಿರುವುದು. ಬಾಗಿಲ ಮೇಲೆ ‘ಶಾಂತಿ ಕೋಣೆ’ ಅಂತ ಬೋರ್ಡು ಬಿತ್ತು. ಮಕ್ಕಳು ಅದನ್ನು ‘ಸಿಟ್ಟಿನ ಕೋಣೆ’ ಅಂದರು. ಮಕ್ಕಳು ಅಂದದ್ದೇ ನಿಂತಿತು.

ಹೊಲಿಗೆ ಟೀಚರ್ ಒಂಟಿ ಜೀವ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು. ಸ್ಟಾಫ್‌ರೂಮಿನಲ್ಲಿ ಅವರದೂ ಒಂದು ಕುರ್ಚಿ ಇತ್ತು. ಹೊಲಿಗೆ ನಿಂತ ವರ್ಷ ಅದರ ಮೇಲೆ ಯಾರೋ ಪುಸ್ತಕದ ಕಟ್ಟು ಇಟ್ಟರು. ‘ಸ್ವಲ್ಪ ತೆಗೀರಿ, ಕೂತ್ಕೋತೀನಿ’ ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲವಲ್ಲ ಪುಣ್ಯಾತ್ಗಿತ್ತಿ! ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ಅವತ್ತಿನಿಂದ ಅಲ್ಲೇ ಊಟ, ಶಾಲೆ ಬಿಡುವ ತನಕ ಅಲ್ಲೇ ವಾಸ. ಯಾರೂ ಯಾಕೆ ಅಂತ ಕೇಳಲಿಲ್ಲ.

ಅಂಥ ಕೋಣೆಗೆ ಬಂದವಳು ಗುಡುಗಮ್ಮ. ಸ್ಟಾಫ್‌ರೂಮಿನವರು ಇಟ್ಟ ಹೆಸರು ಅದು. ನಾಲ್ಕನೇ ಕ್ಲಾಸಿನ ಹುಡುಗಿ, ನೋಡಿದರೆ ಗಾಳಿಗೆ ಹಾರಿಹೋಗುವ ಹಾಗಿದ್ದಳು. ಆದರೆ ಮೇಲಿನ ಮಹಡಿಯಲ್ಲಿ ಮೊದಲು ಧಡಾರ್ ಅಂತ ಏನೋ ಬೀಳಬೇಕು, ಆಮೇಲೆ ಕ್ಲಾಸ್ ಮೇಷ್ಟ್ರ ಕೂಗು, ಆಮೇಲೆ ಮೆಟ್ಟಿಲ ಮೇಲೆ ದಪದಪ ಹೆಜ್ಜೆ. ಡಸ್ಟರು, ಜಾಮಿಟ್ರಿ ಬಾಕ್ಸು, ನೀರಿನ ಬಾಟಲಿ, ಕೈಗೆ ಸಿಕ್ಕಿದ್ದು ಹಾರುತ್ತಿತ್ತು.

ಮೊದಲ ದಿನ ಟೀಚರ್ ಬುದ್ಧಿ ಹೇಳಲು ಹೋಗಲಿಲ್ಲ. ಬುದ್ಧಿ ಹೇಳುವವರು ಮೇಲೆ ಬೇಕಾದಷ್ಟಿದ್ದರು. ಗುಂಡಿಗಳ ತಗಡಿನ ಡಬ್ಬಿ ಮುಂದಿಟ್ಟು, “ಬಣ್ಣ ಬಣ್ಣ ಬೇರೆ ಮಾಡು” ಅಂದರು. ಹುಡುಗಿ ಮುಖ ಊದಿಸಿಕೊಂಡೇ ಕೂತಳು. ಕೂತವಳು ಒಂದೊಂದೇ ಗುಂಡಿ ಎತ್ತಿ ಮೇಜಿನ ಮೇಲಿಟ್ಟಳು. ಟಕ್ ಅಂತ ಕೂಡ ಸದ್ದಿಲ್ಲ! ಟೀಚರಿಗೆ ಆಶ್ಚರ್ಯ.

“ಎಲಾ ಇವಳ! ಇಷ್ಟು ಮೆತ್ತಗೆ ಇಡೋಕೆ ಎಲ್ಲಿ ಕಲಿತೆಯೇ?”

“ಮನೇಲಿ. ಅಪ್ಪಂಗೆ ಫ್ಯಾಕ್ಟರೀಲಿ ನೈಟ್ ಡ್ಯೂಟಿ. ಹಗಲೆಲ್ಲಾ ಮಲಗಿರ್ತಾರೆ, ಸದ್ದು ಮಾಡ್ಬಾರ್ದು.”

“ಅಮ್ಮ?”

“ಬೇರೆ ಊರಲ್ಲಿ ಕೆಲಸ.”

“ರಾತ್ರಿ ಜೊತೇಲಿ ಯಾರಿರ್ತಾರೆ?”

“ಪಕ್ಕದ ಮನೆ ಅಜ್ಜಿ ಬರ್ತಾರೆ. ಬಂದ ತಕ್ಷಣ ಗೊರಕೆ. ನಮ್ಮನೇಲಿ ಎಲ್ಲರೂ ಮಲಗೇ ಇರ್ತಾರೆ ಟೀಚರ್.”

ಟೀಚರಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಸ್ಟೂಲು ಹತ್ತಿರ ಎಳೆದುಕೊಂಡು ಒಂದು ಕಥೆ ಶುರು ಮಾಡಿದರು. ಒಂದು ಸೂಜಿ ಇತ್ತಂತೆ. ಅದರ ದಾರದ ಉಂಡೆ ಒಂದು ದಿನ ಮೇಜಿನಿಂದ ಉರುಳಿ, ಹೊಸ್ತಿಲು ದಾಟಿ, ಬೀದಿಗೆ ಬಿದ್ದು ಹೋಯಿತಂತೆ. ದಾರವಿಲ್ಲದ ಸೂಜಿ ಯಾರಿಗೆ ಬೇಕು? ಸೂಜಿ ಉಂಡೆಯನ್ನು ಹುಡುಕಿಕೊಂಡು ಹೊರಟಿತು. ಚಪ್ಪಲಿ ಹೊಲಿಯುವವನ ಅಂಗಡಿ ತನಕ ಬಂತು ನೋಡಿ, ಅಷ್ಟರಲ್ಲಿ ಬೆಲ್ಲು.

“ಮುಂದೆ?” ಹುಡುಗಿಯ ಕಣ್ಣು ಇಷ್ಟಗಲ.

“ಮುಂದಿನದು ಮುಂದೆ” ಅಂದರು ಟೀಚರ್.

ಮಾರನೆಯ ದಿನವೂ ಧಡಾರ್. ಅದರ ಮಾರನೆಯ ದಿನವೂ. ಚಪ್ಪಲಿ ಅಂಗಡಿಯವನು ಸೂಜಿಯನ್ನು ನೋಡಿ, “ಏನಪ್ಪಾ, ನನ್ನ ಕೆಲಸಕ್ಕೆ ನೀನು ತೀರಾ ಬಡಕಲು” ಅಂದ. ಸೂಜಿ ಕ್ಷೌರದಂಗಡಿಗೆ ಹೋಯಿತು, ತರಕಾರಿ ಬುಟ್ಟಿಯಲ್ಲಿ ಕೂತು ಸಂತೆ ಸುತ್ತಿತು, ಯಾರದೋ ಅಂಗಿಯ ಕಾಲರಿಗೆ ಚುಚ್ಚಿಕೊಂಡು ಬಸ್ಸು ಹತ್ತಿತು. ದಿನಾ ಒಂದು ತಿರುವು, ದಿನಾ ಅಲ್ಲೇ ನಿಲುಗಡೆ. ಇತ್ತ ಹೊಲಿಗೆ ಟೀಚರ್ ಮನೆಯಲ್ಲಿ ಒಂಟಿ ತಟ್ಟೆ ತೊಳೆಯುವಾಗಲೂ ಸೂಜಿಯನ್ನು ನಾಳೆ ಎಲ್ಲಿಗೆ ಕಳಿಸಲಿ ಅಂತ ಯೋಚಿಸುತ್ತಿದ್ದರು. ಬೆಳಗ್ಗೆ ಲಗುಬಗೆಯಿಂದ ಶಾಲೆಗೆ ಬಂದು, ಕಿವಿ ಮೇಲಿನ ಮಹಡಿಗೆ ಇಟ್ಟು ಕೂರುತ್ತಿದ್ದರು. ಸದ್ದು ಕೇಳಿದರೆ, ದೇವರಾಣೆ, ಖುಷಿ! ಯಾಕೆ ಖುಷಿ ಅಂತ ಅವರು ತಮ್ಮನ್ನು ಕೇಳಿಕೊಳ್ಳಲಿಲ್ಲ.

ಹೀಗಿರುವಾಗ ಟೀಚರಿಗೆ ಜ್ವರ ಬಂತು. ಒಂದು ವಾರ ಹಾಸಿಗೆ ಬಿಟ್ಟೇಳಲಿಲ್ಲ. ನೀರು ಕೊಡುವವರೂ ಇಲ್ಲ, ಹೇಗಿದ್ದೀರಿ ಅನ್ನುವವರೂ ಇಲ್ಲ. ಹೇಗೋ ಸುಧಾರಿಸಿಕೊಂಡು ಶಾಲೆಗೆ ಬಂದರೆ, ಗೇಟಿನಲ್ಲೇ ಕ್ಲಾಸ್ ಮೇಷ್ಟ್ರು ಸಿಕ್ಕ. ಎಳೆ ವಯಸ್ಸಿನ ಹುಡುಗ, ಒಳ್ಳೆಯವನೇ, ಆದರೆ ಗುಡುಗಮ್ಮನಿಂದ ಬಸವಳಿದು ಹೋಗಿದ್ದ.

“ನೀವಿಲ್ಲದ ವಾರ ನಿಮ್ಮ ಹುಡುಗಿ ಅದೆಷ್ಟು ಸೈಲೆಂಟು ಅಂತೀರಾ! ಒಂದು ಪೆನ್ಸಿಲ್ಲೂ ಬೀಳಿಸ್ಲಿಲ್ಲ. ಕೊನೆಗೂ ಬುದ್ಧಿ ಬಂತು ಅನ್ಸುತ್ತೆ.”

ಟೀಚರ್ ನಗುನಗುತ್ತಾ ಒಳಗೆ ಹೋದರು. ಗುಡುಗಮ್ಮ ವರಾಂಡದಲ್ಲಿ ಅವರನ್ನು ಕಂಡು ಕುಣಿದಾಡಿದಳು. ಮೊದಲ ಪೀರಿಯಡ್ಡು ಮುಗಿದಿರಲಿಲ್ಲ, ನೀರಿನ ಜಗ್ಗು ಹಾರಿತು. ಕಿಟಕಿ ಗಾಜು ಪುಡಿಪುಡಿ. ಒಂದು ಚೂರು ಮುಂದಿನ ಬೆಂಚಿನ ಹುಡುಗನ ಕೆನ್ನೆ ಗೀರಿತು.

ಈ ಸಲ ದೊಡ್ಡ ಮೇಡಂ ಅಪ್ಪನನ್ನೇ ಕರೆಸಿದರು. ನಿದ್ದೆಗೆಟ್ಟ ಕೆಂಪು ಕಣ್ಣಿನ ಆ ಮನುಷ್ಯ ಕೈ ಕಟ್ಟಿ ನಿಂತ. “ನಮ್ಮ ಹುಡುಗಿ ಹಾಗಲ್ಲ ಮೇಡಂ. ಮನೇಲಿ ಇದಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ” ಅಂದ. ಹೆಮ್ಮೆಯಿಂದಲೇ ಅಂದ, ಪಾಪ.

ದೊಡ್ಡ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದರು. “ಇದೇ ಕೊನೆ. ಇನ್ನೊಂದು ಸಲ ಏನಾದರೂ ಹಾರಿದ್ರೆ ಅವತ್ತೇ ಟಿ.ಸಿ. ಆ ಗಾಜು ಮಕ್ಕಳ ಕಣ್ಣಿಗೆ ಹೊಕ್ಕಿದ್ರೆ ಯಾರು ಜವಾಬ್ದಾರಿ?” ಅವರದೂ ತಪ್ಪಲ್ಲ. ಆದರೆ ಬೇರೆ ಶಾಲೆ ಅಂದರೆ ಬಸ್ಸು ಹಿಡಿದು ಹೋಗಬೇಕು. ಬಿಡುವವರು ಯಾರು, ಕರೆತರುವವರು ಯಾರು? ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ, ಮಲಗಿದ ಅಪ್ಪನ ಪಕ್ಕದಲ್ಲಿ, ಸದ್ದಿಲ್ಲದೆ.

ಅಪ್ಪ ಹೋದ ಮೇಲೆ ಹುಡುಗಿಯನ್ನು ಕೋಣೆಗೆ ಕಳಿಸಿದರು. ಅಳುತ್ತಾ ಬರುತ್ತಾಳೆ ಅಂದುಕೊಂಡಿದ್ದರು ಟೀಚರ್. ಅವಳು ಸ್ಟೂಲು ಎಳೆದುಕೊಂಡು ಕೂತು, ಕಣ್ಣೊರೆಸಿಕೊಂಡು, “ಸೂಜಿ ಬಸ್ಸಿಂದ ಇಳೀತಾ ಟೀಚರ್?” ಅಂದಳು.

ಟೀಚರಿಗೆ ಗೇಟಿನಲ್ಲಿ ಮೇಷ್ಟ್ರು ಹೇಳಿದ ಮಾತು ನೆನಪಾಯಿತು.

“ನಾನಿಲ್ಲದಾಗ ಯಾಕೆ ಏನೂ ಎಸೀಲಿಲ್ಲ ನೀನು?”

“ನೀವಿರ್ಲಿಲ್ವಲ್ಲ” ಅಂದಳು ಹುಡುಗಿ. ಇದೆಂಥ ದಡ್ಡ ಪ್ರಶ್ನೆ ಅನ್ನುವ ಹಾಗಿತ್ತು ಅವಳ ಮುಖ. “ಎಸೆದ್ರೆ ಖಾಲಿ ಕೋಣೇಲಿ ಕೂರ್ಬೇಕಿತ್ತು.”

“ಅಲ್ವೇ, ಮೇಷ್ಟ್ರನ್ನ ಕೇಳಬಾರದಾಗಿತ್ತಾ? ಹೊಲಿಗೆ ಟೀಚರ್ ಹತ್ರ ಹೋಗ್ತೀನಿ ಅಂತ?”

“ಮೊದಲೇ ಕೇಳಿದ್ದೆ. ಆ ಕೋಣೆ ಗಲಾಟೆ ಮಾಡೋರಿಗೆ ಮಾತ್ರ ಅಂದ್ರು.”

ಅವತ್ತು ಟೀಚರ್ ಕಥೆ ಹೇಳಲಿಲ್ಲ. ತಲೆನೋವು ಅಂದರು. ಹುಡುಗಿ ಮೇಲೆ ಹೋದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು. ಗಾಜು ಒಡೆದದ್ದು ಹುಡುಗಿ, ಸರಿ. ಜಗ್ಗು ಅವಳ ಕೈಗೆ ಕೊಟ್ಟವರು ಯಾರು? ದಿನಾ ಕಥೆಯನ್ನು ತುದಿಯಲ್ಲಿ ನಿಲ್ಲಿಸಿದವರು ಯಾರು? ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಸಲ ಮೆಟ್ಟಿಲ ಮೇಲೆ ಆ ದಪದಪ ಕೇಳುತ್ತದೆ. ಅದೇ ಕೊನೆಯ ಸಲ ಆಗುತ್ತದೆ. ಹೇಳಿದರೆ ಹುಡುಗಿ ಉಳಿಯುತ್ತಾಳೆ, ಆದರೆ ಇತ್ತ ಬರುತ್ತಾಳೋ ಇಲ್ಲವೋ. ಕೋಣೆಯಲ್ಲಿ ಮತ್ತೆ ತಾನು, ತನ್ನ ಡಬ್ಬಿ. ಈ ಲೆಕ್ಕ ಹಾಕಿದ್ದಕ್ಕೇ ಅವರಿಗೆ ನಾಚಿಕೆಯಾಯಿತು. ಎದ್ದು ಸೀರೆ ಸರಿಮಾಡಿಕೊಂಡು ದೊಡ್ಡ ಮೇಡಂ ರೂಮಿಗೆ ಹೋದರು. ಮೇಷ್ಟ್ರೂ ಅಲ್ಲೇ ಇದ್ದ.

“ಅಂದ್ರೆ, ನಿಮ್ಮ ಕಥೆ ಕೇಳೋಕೆ ನನ್ನ ಕಿಟಕಿ ಗಾಜು ಒಡೆದ್ಲು ಅಂತೀರಾ?” ಅಂದರು ದೊಡ್ಡ ಮೇಡಂ.

“ಹೌದು ಮೇಡಂ. ನಾನೂ ಬೇಕಂತಲೇ ಅರ್ಧಕ್ಕೆ ನಿಲ್ಲಿಸ್ತಿದ್ದೆ.”

“ಯಾಕ್ರೀ?”

“ನಾಳೆ ಬರ್ಲಿ ಅಂತ.”

ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಷ್ಟ್ರ ಮುಖ ಇಳಿದುಹೋಗಿತ್ತು. “ಅವಳು ಕೇಳಿದ್ದು ನಿಜ ಮೇಡಂ. ಬೇಡ ಅಂದಿದ್ದು ನಾನೇ” ಅಂದ.

ಮಾತಾಡಿ ಮಾತಾಡಿ ಒಂದು ದಾರಿಗೆ ಬಂದರು. ಇನ್ನು ಮೇಲೆ ಗಲಾಟೆ ಮಾಡಿದ ದಿನ ಕಥೆ ಇಲ್ಲ. ಊಟದ ಬಿಡುವಿನಲ್ಲಿ ಮೇಷ್ಟ್ರನ್ನು ಕೇಳಿಕೊಂಡು ಹೋದರೆ ಕಥೆ ಉಂಟು. “ಅವಳು ಯಾವಾಗ ಕೇಳಿದ್ರೂ ಮೊದಮೊದಲು ಇಲ್ಲ ಅನ್ಬೇಡಪ್ಪಾ” ಅಂತ ಟೀಚರ್ ಮೇಷ್ಟ್ರಿಗೆ ಎರಡೆರಡು ಸಲ ಹೇಳಿದರು. “ಪಾಠದ ಮಧ್ಯೆ ಕೇಳಿದ್ರೂ, ಊಟ ಆದ್ಮೇಲೆ ಖಂಡಿತ ಹೋಗು ಅನ್ನು. ಒಂದು ಸಲ ಬೇಡ ಅಂದ್ರೆ ಮುಗೀತು, ಮತ್ತೆ ಕೇಳಲ್ಲ ಅದು.”

ಟಿ.ಸಿ. ಮಾತು ಮಾತ್ರ ಹಾಗೇ ಉಳಿಯಿತು.

ಹುಡುಗಿಯನ್ನು ಕೂರಿಸಿ ಟೀಚರೇ ಹೇಳಿದರು. “ನೋಡು, ಇನ್ಮೇಲೆ ಏನೂ ಎಸೀಬಾರ್ದು. ಬೇಕು ಅಂದ್ರೆ ಬಾಯಿಬಿಟ್ಟು ಕೇಳ್ಬೇಕು.”

“ಕೇಳಿದ್ರೆ ಇಲ್ಲ ಅಂತಾರೆ.”

“ಅನ್ನಲ್ಲ.”

“ಅಂದ್ರೆ?”

“ಅಂದ್ರೆ ಇನ್ನೊಂದು ಸಲ ಕೇಳು. ನಾಚಿಕೆ ಪಟ್ಕೊಂಡು ಮೂಲೆ ಸೇರ್ಬೇಡ.” ಅಂದ ಟೀಚರಿಗೇ ತಮ್ಮ ಮಾತು ಎಲ್ಲೋ ಚುಚ್ಚಿತು.

ಮಾರನೆಯ ದಿನ ಬೆಳಗ್ಗೆ ಅವರಿಗೆ ಕೈಕಾಲು ಆಡಲಿಲ್ಲ. ಮೇಲೊಂದು ಕುರ್ಚಿ ಎಳೆದ ಸದ್ದಾದರೂ ಅವರ ಜೀವ ಬಾಯಿಗೆ ಬರುತ್ತಿತ್ತು. ಆದರೆ ಏನೂ ಬೀಳಲಿಲ್ಲ. ಬಿಡುವಿನ ಬೆಲ್ಲಾಯಿತು, ಮೆಟ್ಟಿಲ ಮೇಲೆ ಹೆಜ್ಜೆ, ದಪದಪ ಅಲ್ಲ, ಟಪಟಪ.

“ಕೇಳ್ದೆ ಟೀಚರ್! ಹೂಂ ಅಂದ್ರು!”

ಸೂಜಿ ಬಸ್ಸಿನಿಂದ ಇಳಿಯಿತು. ದಿನಕ್ಕೊಂದು ಬೀದಿ ದಾಟಿತು. ಒಂದು ದಿನ ಮೇಷ್ಟ್ರು ಗದರಿದನಂತೆ, ಹುಡುಗಿ ಬಾಟಲಿ ಎತ್ತಿದಳಂತೆ, ಕೈ ಮೇಲೆತ್ತಿದ ಮೇಲೆ ಏನೋ ನೆನಪಾಗಿ ನೀರು ಕುಡಿದು ಕೆಳಗಿಟ್ಟಳಂತೆ. ಮೇಷ್ಟ್ರು ಇದನ್ನು ಹೇಳುವಾಗ ಅವನ ಕಣ್ಣೇ ಒದ್ದೆಯಾಗಿತ್ತು. ಟೀಚರ ಹೊಟ್ಟೆ ತಣ್ಣಗಾಯಿತು.

ಆಮೇಲೆ ಹುಡುಗಿ ತಡವಾಗಿ ಬರತೊಡಗಿದಳು. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಇಲ್ಲ. ಟೀಚರ್ ಡಬ್ಬಿ ಮುಚ್ಚಳ ತೆಗೆಯದೆ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದರು. ಕೆನ್ನೆ ಗೀರಿದ ಹುಡುಗನ ಜೊತೆ ಈಗ ಅವಳು ಒಂದೇ ಬೆಂಚಂತೆ, ಭಾರೀ ದೋಸ್ತಿಯಂತೆ. ಒಳ್ಳೆಯದೇ ಆಯಿತು, ಇದಕ್ಕೇ ಅಲ್ಲವೇ ಇಷ್ಟೆಲ್ಲಾ ಮಾಡಿದ್ದು ಅಂದುಕೊಂಡರು. ಅಂದುಕೊಂಡರೆ ಊಟ ಗಂಟಲಲ್ಲಿ ಇಳಿಯಬೇಕಲ್ಲ? ಒಂದು ಗಳಿಗೆ, ಒಂದೇ ಗಳಿಗೆ, ಮೇಲೆ ಏನಾದರೂ ಧಡಾರ್ ಅನ್ನಬಾರದೇ ಅನ್ನಿಸಿತು. ತಕ್ಷಣ ಕೆನ್ನೆ ಕೆನ್ನೆ ಬಡಿದುಕೊಂಡರು.

ಅಷ್ಟರಲ್ಲಿ ಕಿಟಕಿಯಾಚೆ ಯಾರೋ ಅರಳು ಹುರಿದ ಹಾಗೆ ಮಾತಾಡುವುದು ಕೇಳಿಸಿತು. ಟೀಚರ್ ಎದ್ದು ಹೋಗಿ ನೋಡಿದರು. ವರಾಂಡದ ಮೆಟ್ಟಿಲ ಮೇಲೆ ಮಕ್ಕಳ ಹಿಂಡು, ನಡುವೆ ಗುಡುಗಮ್ಮ. ಅವಳು ಕೈ ತಿರುಗಿಸಿ, ಕಣ್ಣರಳಿಸಿ ಹೇಳುತ್ತಿದ್ದಳು. ಸೂಜಿ ಈಗ ಸಮುದ್ರದ ದಂಡೆಗೆ ಬಂದಿದೆ. ದೂರದಲ್ಲಿ ದಾರದ ಉಂಡೆ ತೇಲುತ್ತಿದೆ. ಈಜಲು ಹೋದರೆ ಸೂಜಿ ಮುಳುಗುತ್ತದೆ, ಅದು ಕಬ್ಬಿಣ ಕಣ್ರೋ! ಟೀಚರ್ ಸೂಜಿಯನ್ನು ಸಮುದ್ರಕ್ಕೆ ಕಳಿಸಿಯೇ ಇರಲಿಲ್ಲ. ಇದು ಅವಳದೇ. ಅವರಿಗೆ ಹೆಮ್ಮೆಯೂ ಆಯಿತು, ಕೈಯಲ್ಲಿದ್ದದ್ದು ಯಾರೋ ಕಿತ್ತುಕೊಂಡ ಹಾಗೂ ಆಯಿತು. ಕಿಟಕಿಯ ಸರಳು ಹಿಡಿದು, ಮಕ್ಕಳ ಹಾಗೆ ಬಾಯಿಬಿಟ್ಟುಕೊಂಡು ಕೇಳಿದರು. ಸೂಜಿ ದಡದ ತುದಿಗೆ ಬಂತು. ನೀರಿನೊಳಗೆ ಬಗ್ಗಿ ನೋಡಿತು.

ಬೆಲ್ಲಾಯಿತು.

“ಮಿಕ್ಕಿದ್ದು ನಾಳೆ!” ಅಂದಳು ಗುಡುಗಮ್ಮ. ಮಕ್ಕಳು ಹೋ ಅಂತ ಗೋಗರೆದರು. ಅವಳು ಜಪ್ಪಯ್ಯ ಅನ್ನಲಿಲ್ಲ.

ಕಿಟಕಿ ಪಕ್ಕದ ಗುಂಡಿ ಡಬ್ಬಿ ಟೀಚರ ಕೈ ತಾಗಿ ಜಾರಿತೋ, ಅವರೇ ಜಾರಿಸಿದರೋ, ಅವರಿಗೇ ಗೊತ್ತು. ಧಡಾರ್ ಅಂತ ನೆಲಕ್ಕೆ ಬಿತ್ತು. ಗುಂಡಿಗಳು ಕೋಣೆ ತುಂಬಾ ಚೆಲ್ಲಾಡಿದವು.

ಓಡುತ್ತಿದ್ದ ಹುಡುಗಿ ನಿಂತು, ಕಿಟಕಿ ಹತ್ತಿರ ಬಂದು ಇಣುಕಿದಳು. ನೆಲ ನೋಡಿದಳು, ಟೀಚರ ಮುಖ ನೋಡಿದಳು.

“ಎಸೀಬಾರ್ದು ಟೀಚರ್” ಅಂದಳು ಮೆತ್ತಗೆ. “ಬೇಕು ಅಂದ್ರೆ ಬಾಯಿಬಿಟ್ಟು ಕೇಳ್ಬೇಕು.”

ಎಷ್ಟು ವರ್ಷವಾಗಿತ್ತೋ ಟೀಚರ್ ಯಾರನ್ನಾದರೂ ಏನಾದರೂ ಕೇಳಿ. ಆ ಕುರ್ಚಿ, ಆ ಪುಸ್ತಕದ ಕಟ್ಟು, ಜ್ವರದ ವಾರ, ಎಲ್ಲವೂ ಬಂದು ನಾಲಗೆಯ ಮೇಲೆ ಕೂತ ಹಾಗಾಯಿತು. ಹುಡುಗಿ ಕಾಯುತ್ತಾ ನಿಂತಳು.

“ಸೂಜಿ ಮುಂದೆ ಎಲ್ಲಿಗೆ ಹೋಯ್ತೇ?” ಅಂದರು ಕೊನೆಗೆ. ಸ್ವರ ಅವರಿಗೇ ಕೇಳಿಸಿತೋ ಇಲ್ಲವೋ.

“ನಾಳೆ ಬನ್ನಿ, ಹೇಳ್ತೀನಿ. ಬೇಗ ಬನ್ನಿ, ಲೇಟಾದ್ರೆ ಮೆಟ್ಟಿಲ ಮೇಲೆ ಜಾಗ ಸಿಗಲ್ಲ” ಅಂದು ಹುಡುಗಿ ಓಡಿದಳು.

ವರಾಂಡ ಖಾಲಿಯಾಯಿತು. ಟೀಚರ್ ಮಂಡಿಯೂರಿ ಗುಂಡಿ ಆರಿಸಲು ಕೂತರು. ಬಣ್ಣ ಬೇರೆ ಮಾಡಲು ಇನ್ನೊಂದು ಜೊತೆ ಕೈ ಇರಲಿಲ್ಲ, ಹಾಗಾಗಿ ಎಲ್ಲವನ್ನೂ ಒಟ್ಟಿಗೇ ಡಬ್ಬಿಗೆ ತುಂಬಿದರು. ನಾಳೆ ಊಟವನ್ನು ಮೆಟ್ಟಿಲ ಮೇಲೇ ಮಾಡಿದರೆ ಆಯಿತು ಅಂದುಕೊಂಡರು.