ಗಾಸ್ಪಾರ್ ಸತ್ತ ಮಧ್ಯಾಹ್ನ

ನಲವತ್ತು ವರ್ಷ ಫ್ರಾನ್ಸಿನ ನಾಟಕ, ಸಿನೆಮಾಗಳಲ್ಲಿ ಮೆರೆದ ಗಾಸ್ಪಾರ್ ಎಂಬ ನಟ ಕೊಲ್ಲಿ ನಾಡಿನ ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಐದು ವಾರ ಅಡಗಿದ್ದ. ಅಡಗಿದ್ದ ಎನ್ನುವುದು ಮರ್ಯಾದೆಯ ಮಾತು. ಆ ಪುಣ್ಯಾತ್ಮನಿಗೆ ಒಂದು ನಿಮಿಷ ಕೂತಲ್ಲಿ ಕೂರಲು ಬರುತ್ತಿರಲಿಲ್ಲ.

ನಾನು ಕೆಲಸಕ್ಕಿದ್ದ ಹೋಟೆಲಿಗೆ ನಾಟಕವಾಡಲು ಬಂದವನು, ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಸಿಕ್ಕಿಬಿದ್ದ. ಸೈನಿಕರು ಬಿಳಿಯರನ್ನು ಹುಡುಕಿ ಒಯ್ಯುತ್ತಿದ್ದರು. ಬಚ್ಚಿಟ್ಟವರಿಗೆ ಗಲ್ಲು ಎಂದು ಸಾರಿದ್ದರು. ನನಗೆ ಜೀವಭಯ. ಕಾರ್ಕಳದವಳಾದ ಹೆಂಡತಿ ಇಸಾಬೆಲ್ ಮಾತ್ರ ಜಗ್ಗಲಿಲ್ಲ.

"ಅವರನ್ನು ಹೊರಗೆ ಹಾಕುವುದಾದ್ರೆ ನನ್ನನ್ನೂ ಹಾಕಿ. ಇಷ್ಟು ಪ್ರಾಯದವರನ್ನು ಬೀದಿಗೆ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅವಳೇ ಅವನ ಮುಖಕ್ಕೆ ಅರಸಿನ ಹಚ್ಚಿದಳು. ಯಾರಾದರೂ ಬಂದರೆ ಅವನು ಕಾಮಾಲೆ ಹಿಡಿದು ಮಲಗಿದ ಅವಳ ಅಪ್ಪ. ಗಾಸ್ಪಾರನಿಗೋ ಹೊಸ ಪಾತ್ರ ಸಿಕ್ಕ ಸಂಭ್ರಮ. ಅಡುಗೆಮನೆಯಿಂದ ಬಾಲ್ಕನಿಯ ಬಾಗಿಲಿಗೆ ಶತಪಥ ತಿರುಗುತ್ತ, ಹದಿನೇಳರಲ್ಲಿ ರಂಗ ಹತ್ತಿದ್ದು, ಆಮೇಲೆ ಸಿನೆಮಾದ ಖಳನಾಗಿದ್ದು, ಐವತ್ತು ಸಲ ಗುಂಡಿಗೆ, ವಿಷಕ್ಕೆ ಸತ್ತದ್ದು ಎಲ್ಲ ಹೇಳುತ್ತಿದ್ದ. ಯಾವ ನಿರ್ದೇಶಕನೂ ಅವನನ್ನು ಕೊನೆಯವರೆಗೆ ಬದುಕಲು ಬಿಟ್ಟಿರಲಿಲ್ಲವಂತೆ. ಅವನ ನರಳಾಟದ ತಾಲೀಮು ಕೇಳಿ ಮೇಲಿನ ಮನೆಯವರು ಇಳಿದು ಬಂದರು. ನಮ್ಮ ಮುದುಕರು ಹೀಗೆ ಬೊಬ್ಬೆ ಹೊಡೆಯುವುದಿಲ್ಲ, ಗಂಜಿಗೆ ಉಪ್ಪಿಲ್ಲವೆಂದು ಪಿರಿಪಿರಿ ಮಾಡುತ್ತಾರೆ ಅಷ್ಟೆ ಎಂದು ಇಸಾಬೆಲ್ ಗದರಿದಳು. ನಲವತ್ತು ವರ್ಷದ ಅನುಭವ ಕೇಳಬೇಕಲ್ಲ!

ಒಂದು ಶುಕ್ರವಾರ ಮಧ್ಯಾಹ್ನ ಸೈನಿಕರು ಬಂದೇಬಿಟ್ಟರು. ಗಾಸ್ಪಾರ್ ಎಷ್ಟು ಚೆನ್ನಾಗಿ ನರಳಿದನೆಂದರೆ ಅಧಿಕಾರಿಯ ಮನಸ್ಸೇ ಕರಗಿತು. ಕೆಳಗೆ ಜೀಪಿದೆ, ಮುದುಕನನ್ನು ಆಸ್ಪತ್ರೆಗೆ ಒಯ್ಯೋಣ ಎಂದು ನನಗೆ ಅರಬಿಯಲ್ಲಿ ಹೇಳಿದ. ಅಲ್ಲಿ ಮೊದಲು ಕೇಳುವುದೇ ಪಾಸ್‌ಪೋರ್ಟು. ಗಾಸ್ಪಾರನಿಗೂ ಕೇಳಲೆಂದು ಇಸಾಬೆಲ್‌ಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ.

ನರಳಾಟ ನಿಂತಿತು. ಅವನು ತಡಕಾಡಿ ಇಸಾಬೆಲ್‌ಳ ಕೈ ಹಿಡಿದ. ಎರಡು ಸಲ ಉಸಿರೆಳೆದ. ಕೈ ಜಾರಿತು, ಅಷ್ಟೆ.

"ಪಪ್ಪಾ" ಎಂದು ಇಸಾಬೆಲ್ ಅವನೆದೆಯ ಮೇಲೆ ಬಿದ್ದಳು. ಅಧಿಕಾರಿ ಟೋಪಿ ತೆಗೆದ. ಆಮೇಲೆ ತನ್ನವರನ್ನು ಕರೆದುಕೊಂಡು ಹೊರಟುಹೋದ.

ಜೀಪಿನ ಸದ್ದು ಅಡಗಿದ ಮೇಲೆ, ಹೋದರು, ಏಳಿ ಎಂದೆ. ಇಸಾಬೆಲ್ ಅಳು ನಿಲ್ಲಿಸಲಿಲ್ಲ. ಜೂನಿನಲ್ಲಿ ಕಾರ್ಕಳದಲ್ಲಿ ಅವಳ ಅಪ್ಪ ತೀರಿಕೊಂಡಾಗ ಅವಳನ್ನು ಕೆಲಸಕ್ಕಿಟ್ಟ ಕಫೀಲ್ ಊರಿಗೆ ಹೋಗಲು ಪಾಸ್‌ಪೋರ್ಟ್ ಕೊಟ್ಟಿರಲಿಲ್ಲ. ಅವಳು ಒಂದು ಹನಿ ಕಣ್ಣೀರು ಹಾಕದೆ ಡ್ಯೂಟಿಗೆ ಹೋಗಿದ್ದಳು. ಗಾಸ್ಪಾರ್ ಒಂದು ಕಣ್ಣು ತೆರೆದು ಅವಳನ್ನು ನೋಡಿದ. ಏನು ತಿಳಿಯಿತೋ, ಮತ್ತೆ ಮುಚ್ಚಿಕೊಂಡ. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುವವರೆಗೂ ಅಲುಗಾಡದೆ, ಅವಳ ಅಪ್ಪನಾಗಿಯೇ ಸತ್ತು ಮಲಗಿದ್ದ.