ಕೈ ಮಾತ್ರ

ಹೂಮಳೆ ಬಿದ್ದು ಹನ್ನೆರಡು ದಿನವಾಗಿತ್ತು. ಕಾಫಿ ಹೂವು ಕಂದಿ ತೋಟವೆಲ್ಲ ಹಳಸಿದ ಪರಿಮಳ. ಲಿಂಗಪ್ಪ ಸಾಹುಕಾರರ ನರ್ಸರಿಯಲ್ಲಿ ಪಂಕಜಾಕ್ಷಿ ಬೆಳಿಗ್ಗೆಯಿಂದ ಕಾಳುಮೆಣಸಿನ ಕಸಿ ಕಟ್ಟುತ್ತಿದ್ದಳು. ಹಿಪ್ಪಲಿ ಗಿಡದ ತಲೆ ಕೊಯ್ದು, ಸೀಳಿ, ಮೆಣಸಿನ ಕುಡಿಯನ್ನು ಬೆಣೆಯಂತೆ ಕೆತ್ತಿ ಒಳಗಿಟ್ಟು, ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಪಕ್ಕದಲ್ಲಿ ಬೆಟ್ಟಮ್ಮ ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು.

ಪಂಕಜಾಕ್ಷಿ ಕಸಿ ಕಲಿತದ್ದು ಸರ್ಕಾರ ನಡೆಸುವ ಹಳ್ಳಿ ಯುವಕರ ತರಬೇತಿಯಲ್ಲಿ. ಆಯ್ಕೆಪಟ್ಟಿಯಲ್ಲಿದ್ದ ಹೆಸರು ಸಾಹುಕಾರರ ಮಗ ರೇವಂತನದು. ಒಂದು ದಿನ ಕೂತು ಬೇಸತ್ತ ಅವನು ಉಳಿದ ಐದು ದಿನಕ್ಕೂ ತೋಟದ ಕೂಲಿಯವರ ಲೈನ್ ಮನೆಯ ಇವಳನ್ನು ಕಳಿಸಿದ್ದ. ಅವನ ಹೆಸರಿನ ಮುಂದೆ ಇವಳೇ ರುಜು ಹಾಕಿದ್ದಳು. ಮುಂದಿನ ಪಟ್ಟಿಯಲ್ಲಿ ನಿನ್ನದೇ ಹೆಸರು ಎಂದಿದ್ದರು ಸಾಹುಕಾರರು. ತರಬೇತಿಯ ಸರ್ಟಿಫಿಕೇಟ್ ಇದ್ದವರಿಗೆ ಸ್ವಂತ ನರ್ಸರಿಗೆ ನೆರಳುಪರದೆ, ಸಸಿ, ಚೀಲ ಸಿಗುತ್ತಿತ್ತು. ಆಲೂರಿನ ಕಡೆ ಅವಳ ತವರಿನಲ್ಲಿ ಅಂಗೈಯಗಲ ಹಿತ್ತಲೂ ಇತ್ತು.

ಹತ್ತು ಗಂಟೆಗೆ ಜೀಪು ಬಂತು. ಸಾಹುಕಾರರು, ರೇವಂತ, ಜೊತೆಗೆ ತರಬೇತಿಯ ಆಫೀಸರು. ಅವರು ಸ್ಟ್ಯಾಂಡಿಗೆ ಫೋನು ಸಿಕ್ಕಿಸಿದರು.

"ಹೆತ್ತೂರಲ್ಲಿ ನಲವತ್ತು ಜನ ರೈತರು ಟೀವಿ ಮುಂದೆ ಕೂತಿದ್ದಾರೆ, ಇಲ್ಲಿಂದ ಲೈವ್ ಹೋಗುತ್ತೆ. ತರಬೇತಿ ಪಡೆದೋರೇ ಮಾಡಿ ತೋರಿಸ್ಬೇಕು. ಒಂದ್ಸಲ ಮಾಡಿ ರೇವಂತ್."

ರೇವಂತ ಚಾಕು ಹಿಡಿದ. ಮೂರು ಗಿಡ ಬುಡದವರೆಗೂ ಸೀಳಿಹೋದವು.

"ಅದು ಸೌತೇಕಾಯಲ್ಲ ಸಣ್ಣಯ್ಯ," ಎಂದಳು ಬೆಟ್ಟಮ್ಮ.

ಆಫೀಸರು ಗಡಿಯಾರ ನೋಡಿಕೊಂಡರು. "ಕೈ ಮಾತ್ರ ತೋರಿಸೋಣ ಸಾರ್. ಈಯಮ್ಮ ಮಾಡ್ಲಿ, ರೇವಂತ್ ಪಕ್ಕದಲ್ಲಿ ನಿಂತು ಮಾತಾಡ್ಲಿ."

"ಏಯ್, ಬಳೆ ತೆಗಿಯೇ," ಎಂದರು ಸಾಹುಕಾರರು.

"ಅವ್ಳ ಗಂಡ ಬದ್ಕವ್ನೆ ಕಣ್ರೀ. ಹಗ್ಲೊತ್ನಲ್ಲೇ ಮುಂಡೆ ಮಾಡ್ತೀರಾ?" ಬೆಟ್ಟಮ್ಮ ಬಿಡಲಿಲ್ಲ.

"ಬಾಯ್ ಮುಚ್ಚೇ ಲೌಡಿ."

ರೇವಂತ ಜೀಪಿನಿಂದ ತನ್ನ ತುಂಬುತೋಳಿನ ಅಂಗಿ ತಂದು ಎಸೆದ. ಪಂಕಜಾಕ್ಷಿ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಸೀರೆಯ ಮೇಲೇ ಅದನ್ನು ತೊಟ್ಟಳು.

"ಆ ಅಂಗಿ ಮತ್ತೆ ಮನೆ ಒಳಕ್ಕೆ ತರ್ಬ್ಯಾಡ ಕಣೋ," ಎಂದರು ಸಾಹುಕಾರರು ಮಗನಿಗೆ. "ಅವ್ಳಿಗೇ ಬುಟ್ಬುಡು."

ಗುಂಡಿ ಹಾಕುತ್ತ ಅವಳು ಕೇಳಿದಳು. "ಈ ಸಲದ ಪಟ್ಟೀಲಿ ನನ್ ಹೆಸ್ರು ಐತಲ್ವಾ ಸಾವ್ಕಾರ್ರೆ?"

ಸಾಹುಕಾರರು ಜೀಪಿನ ಕಡೆ ತಿರುಗಿದರು. ಆಫೀಸರೇ ಹೇಳಿದರು. "ಪಟ್ಟಿ ನಿನ್ನೇನೇ ಹೋಯ್ತಲ್ಲಮ್ಮ. ಸಾರ್ ತಮ್ಮ ಸೊಸೆ ಧನುಶ್ರೀ ಮೇಡಂ ಹೆಸರು ಕೊಟ್ರು."

ಫೋನಿನಲ್ಲಿ ಕೆಂಪು ಚುಕ್ಕಿ ಹೊತ್ತಿತು.

ಪಂಕಜಾಕ್ಷಿ ಚಾಕು ತೆಗೆದುಕೊಂಡಳು. ಕೊಯ್ದಳು, ಸೀಳಿದಳು, ಕುಡಿ ಇಟ್ಟಳು, ಸುತ್ತಿದಳು. ಹೆತ್ತೂರಿನಿಂದ ಚಪ್ಪಾಳೆ ಕೇಳಿಸಿತು. "ಹೀಗೆ ನಾನು ಮಾಡ್ತೀನಿ," ಎಂದ ರೇವಂತ. ಆಮೇಲೆ ರೈತರೊಬ್ಬರ ದನಿ ಬಂತು.

"ಸಾರ್, ಈ ಕಟ್ಟು ಯಾವಾಗ ಬಿಚ್ಬೇಕು? ಹೋದ್ವರ್ಸ ಬೇಗ ಬಿಚ್ಚಿ ನಂದು ಇನ್ನೂರು ಗಿಡ ಒಣಗೋಗ್ಬುಟ್ಟೊ."

ರೇವಂತ ಬೂಟಿನಿಂದ ಅವಳ ಪಾದ ಒತ್ತಿದ. "ಹೇಳೇ," ಎಂದು ಪಿಸುಗುಟ್ಟಿದ.

"ಕೈ ಹೆಂಗ್ ಮಾತಾಡ್ತದೆ ಸಣ್ಣಯ್ಯ?" ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ.

ಹೆತ್ತೂರಿನಲ್ಲಿ ಯಾರೋ ನಕ್ಕರು. "ಯಾರವ್ವ ಅದು?" ಎಂದಿತು ಅದೇ ದನಿ.

ಆಫೀಸರು ಮಾತು ನಿಲ್ಲಿಸುವ ಗುಂಡಿಗಾಗಿ ಫೋನಿನ ಮೇಲೆ ಬಗ್ಗುವಷ್ಟರಲ್ಲಿ ಅವಳು ಅದನ್ನು ಸ್ಟ್ಯಾಂಡಿನಿಂದ ಕಿತ್ತು ಮುಖಕ್ಕೆ ಹಿಡಿದಿದ್ದಳು.

"ಪಂಕಜಾಕ್ಷಿ ಕಣಣ್ಣ. ಸಾವ್ಕಾರ್ರ ಲೈನಲ್ಲಿರೋದು. ಐದು ದಿನ ತರಬೇತಿಗೆ ಕೂತೋಳು ನಾನೇ. ರುಜು ಹಾಕ್ದೋಳೂ ನಾನೇ."

"ಸಂಜೆ ಒಳಗೆ ಮನೆ ಖಾಲಿ ಮಾಡ್ಬೇಕು ನೀನು," ಸಾಹುಕಾರರ ದನಿ ತಣ್ಣಗಿತ್ತು. "ನಿನ್ ಗಂಡನ್ನೂ ಕರ್ಕಂಡು."

ಅವಳ ಕಣ್ಣು ಒಂದು ಗಳಿಗೆ ಲೈನ್ ಮನೆಗಳ ಕಡೆ ಹೋಯಿತು. ಆಫೀಸರು ಫೋನಿಗೆ ಕೈ ಚಾಚಿದರು. ಬೆಟ್ಟಮ್ಮ ಮಣ್ಣಿನ ಬುಟ್ಟಿ ಎಳೆದುಕೊಂಡು ಅವರ ಕಾಲಿಗೆ ಅಡ್ಡ ಕೂತಳು.

"ಬಿಚ್ಚೋಕೆ ಅವಸ್ರ ಮಾಡ್ಬ್ಯಾಡಿ ಅಣ್ಣ," ಪಂಕಜಾಕ್ಷಿ ಫೋನಿಗೆ ಹೇಳುತ್ತಿದ್ದಳು. "ಹೊಸ ಚಿಗುರು ಎರಡೆಲೆ ಬುಡೋಗಂಟ ಕಾಯಿರಿ. ಆಮೇಲೆ ಗಾಯ ಕೂಡ್ಕಂಡೈತಾ ಅಂತ ಉಗುರಲ್ಲಿ ಒತ್ತಿ ನೋಡಿ..."